ಮಟೊಂಗೆಯ ಚಿತ್ರೋತ್ಸವ: ಕಾರ್ಯಕ್ರಮ ಹೊಂದಿಸಿದವನ ಅನುಭವ

ಬ್ರಸೆಲ್ಸ್‌ನ ಇಕ್ಸೆಲ್ ಪುರಸಭೆಯಲ್ಲಿ, ಪೋರ್ಟ್ ದ ನಾಮೂರ್ ಮೆಟ್ರೊ ನಿಲ್ದಾಣದ ಬೆನ್ನಿಗೇ ಮಟೊಂಗೆ ಎಂಬ ಕೇರಿಯಿದೆ. ಕಾಂಗೋದ ರಾಜಧಾನಿ ಕಿನ್ಶಾಸಾ ನಗರದ ಒಂದು ಬಡಾವಣೆಯ ಹೆಸರೇ ಇದಕ್ಕೂ ಬಂದಿದೆ. 1961ರಲ್ಲಿ ಆಫ್ರಿಕಾದ ವಿದ್ಯಾರ್ಥಿಗಳಿಗಾಗಿ ಇಲ್ಲೊಂದು ವಸತಿಗೃಹ ತೆರೆದ ಮೇಲೆ ಅದರ ಸುತ್ತಮುತ್ತ ಕೂದಲು ಹೆಣೆಯುವ ಸಲೂನುಗಳು, ಬಣ್ಣದ ಅಚ್ಚಿನ ಬಟ್ಟೆಯ ಮಳಿಗೆಗಳು, ಮರಗೆಣಸಿನ ಸೊಪ್ಪು ಮತ್ತು ಉಪ್ಪುಮೀನು ಮಾರುವ ಅಂಗಡಿಗಳು ಒಂದೊಂದಾಗಿ ಸೇರಿಕೊಂಡವು. ಉದ್ಯೋಗದ ನಿಮಿತ್ತ ಈ ಊರಿಗೆ ಬಂದ ನಾನು ಮನೆ ಮಾಡಿದ್ದು ಅದರ ಪಕ್ಕದ ಬೀದಿಯಲ್ಲಿ. ಕೇರಿಯವರು ಮಧ್ಯ ಆಫ್ರಿಕಾದ ಚರಿತ್ರೆ ಮತ್ತು ಸಂಸ್ಕೃತಿಯನ್ನು ಕುರಿತು ವರ್ಷಕ್ಕೊಮ್ಮೆ ನಡೆಸುವ ಸಣ್ಣ ಚಿತ್ರೋತ್ಸವಕ್ಕೆ ಮೊದಲು ಕುರ್ಚಿ ಜೋಡಿಸಲು ಹೋಗುತ್ತಿದ್ದೆ. ಆಮೇಲೆ ಕಾರ್ಯಕ್ರಮ ಹೊಂದಿಸುವ ಕೆಲಸವೂ ನನ್ನ ಪಾಲಿಗೆ ಬಂತು. ಸಮಿತಿಯಲ್ಲಿ ಕಾಂಗೋ, ಕ್ಯಾಮರೂನ್, ರುವಾಂಡಾ ಮೂಲದವರಿದ್ದಾರೆ. ಯಾವ ಚಿತ್ರ ಆಗಬೇಕೆಂದು ತೀರ್ಮಾನಿಸುವವರು ಅವರು. ಅದನ್ನು ತರಿಸುವುದು, ವೇಳೆಗೆ ಕೂರಿಸುವುದು, ಚಿತ್ರ ಮುಗಿದ ಮೇಲಿನ ಮಾತುಕತೆಗೆ ಅಣಿ ಮಾಡುವುದು ನನ್ನ ಹೊಣೆ.

ಈ ಕೊನೆಯ ಕೆಲಸವನ್ನು ನಾನಾಗಿಯೇ ಕೇಳಿ ತೆಗೆದುಕೊಂಡೆ. ವಿದ್ಯಾರ್ಥಿಯಾಗಿದ್ದಾಗ ಹೆಗ್ಗೋಡಿನ ನೀನಾಸಂ ಶಿಬಿರಗಳಿಗೆ ಹೋಗಿದ್ದವನಿಗೆ, ಕೆ.ವಿ. ಸುಬ್ಬಣ್ಣನವರು 1973ರಲ್ಲಿ ಆರಂಭಿಸಿದ ಚಿತ್ರಸಮಾಜ ಹಳ್ಳಿಯ ಜನರ ಮುಂದೆ ಜಗತ್ತಿನ ಚಿತ್ರಗಳನ್ನಿಟ್ಟು ಅವರ ಬಾಯಿಂದಲೇ ಮಾತು ಹೊರಡಿಸಿದ ಬಗೆ ಗೊತ್ತಿತ್ತು. ಮಟೊಂಗೆಯಲ್ಲಿ ಆ ಪದ್ಧತಿಗೆ ಇನ್ನೂ ಬಲವಾದ ಕಾರಣವಿದೆ. ಕಾಂಗೋದ ಮೊದಲ ಅರ್ಧ ಶತಮಾನದ ಚಲನಚಿತ್ರಗಳನ್ನು ತೆಗೆದವರು ಬೆಲ್ಜಿಯಂನ ಸರಕಾರ, ಗಣಿ ಕಂಪನಿಗಳು ಮತ್ತು ಪಾದ್ರಿಗಳು. ಕಾಂಗೋದ ಜನ ತೆರೆಯ ಮೇಲೆ ಇದ್ದರು, ಆದರೆ ಅವರ ಮಾತನ್ನು ಯಾರೂ ಕೇಳಿರಲಿಲ್ಲ. ಹಿನ್ನೆಲೆಯಲ್ಲಿ ಫ್ರೆಂಚ್ ನಿರೂಪಕನೊಬ್ಬ ಅವರ ಪರವಾಗಿ ಎಲ್ಲವನ್ನೂ ಹೇಳಿ ಮುಗಿಸುತ್ತಿದ್ದ. ಹಾಗಾಗಿ ಎಷ್ಟು ಚಿತ್ರ ತೋರಿಸಿದೆವು ಎನ್ನುವುದಕ್ಕಿಂತ, ಚಿತ್ರ ಮುಗಿದ ಮೇಲೆ ಎಷ್ಟು ಹೊತ್ತು ಸಭಾಂಗಣದ ದೀಪ ಹಚ್ಚಿಟ್ಟಿದ್ದೆವು ಎನ್ನುವುದೇ ನಮ್ಮ ಉತ್ಸವದ ಅಳತೆಯಾಗಬೇಕೆಂದು ನಾನು ವಾದಿಸಿದೆ. ದಿನಕ್ಕೆ ನಾಲ್ಕು ಚಿತ್ರದ ಪಟ್ಟಿ ಎರಡಕ್ಕೆ ಇಳಿಯಿತು. ಇದರಿಂದ ಬೇಸರಪಟ್ಟವರೂ ಇದ್ದರು.

ಯಾವುದು ಮಧ್ಯ ಆಫ್ರಿಕಾ ಎಂಬುದನ್ನೇ ಮೊದಲು ಇತ್ಯರ್ಥ ಮಾಡಬೇಕಾಯಿತು. ಬೆಲ್ಜಿಯಂನವರ ಬಾಯಲ್ಲಿ ಮಧ್ಯ ಆಫ್ರಿಕಾ ಎಂದರೆ ತಾವು ಆಳಿದ ಕಾಂಗೋ, ರುವಾಂಡಾ, ಬುರುಂಡಿ. ವಿಶ್ವಸಂಸ್ಥೆಯ ವಿಂಗಡಣೆಯಲ್ಲಾದರೆ ಕ್ಯಾಮರೂನ್, ಚಾಡ್, ಗ್ಯಾಬೊನ್, ಅಂಗೋಲಾ ಎಲ್ಲ ಸೇರಿ ಒಂಬತ್ತು ದೇಶಗಳಾಗುತ್ತವೆ, ಆದರೆ ರುವಾಂಡಾ ಮತ್ತು ಬುರುಂಡಿ ಹೊರಗುಳಿಯುತ್ತವೆ. ನಾವು ಎರಡನ್ನೂ ಕೂಡಿಸಿಕೊಂಡೆವು. ಚಿತ್ರಗಳ ದೃಷ್ಟಿಯಿಂದಲೂ ಇದು ಅಗತ್ಯವಾಗಿತ್ತು. ಕ್ಯಾಮರೂನಿನ ಡಿಕೊಂಗೆ ಪೀಪಾ 1975ರಲ್ಲಿ ವಧುದಕ್ಷಿಣೆಯ ವಿಷಯವನ್ನಿಟ್ಟು ತೆಗೆದ 'ಮುನಾ ಮೊಟೊ' ಮರುವರ್ಷ ಊಗಡೂಗುವಿನ ಫೆಸ್ಪಾಕೊ ಉತ್ಸವದಲ್ಲಿ ದೊಡ್ಡ ಪ್ರಶಸ್ತಿ ಪಡೆಯಿತು; ಈಗ ಅದರ ಪುನರುಜ್ಜೀವಿತ ಪ್ರತಿಯೂ ಸಿಗುತ್ತದೆ. ಚಾಡ್‌ನ ಮಹಮತ್ ಸಾಲೆಹ್ ಹಾರೂನ್ 2010ರಲ್ಲಿ ಕಾನ್ ಉತ್ಸವದ ತೀರ್ಪುಗಾರರ ಬಹುಮಾನ ಗಳಿಸಿದವರು. ಅಂಥವರನ್ನು ಬಿಟ್ಟು, ಬೆಲ್ಜಿಯಂನ ಆಳ್ವಿಕೆಗೆ ಒಳಪಟ್ಟಿರಲಿಲ್ಲ ಎಂಬ ಕಾರಣಕ್ಕೆ ಗಡಿ ಎಳೆದರೆ, ವಸಾಹತು ನಕ್ಷೆಯನ್ನೇ ನಾವು ಮತ್ತೊಮ್ಮೆ ಬರೆದಂತಾಗುತ್ತಿತ್ತು.

ಆರಂಭದ ಚಿತ್ರದ ಬಗ್ಗೆ ಮಾತ್ರ ಜಗಳವಿರಲಿಲ್ಲ. ಮ್ವೆಝೆ ನ್ಗಂಗುರಾ ಅವರ 1998ರ 'ಪಿಯೆಸ್ ದಿಡೆಂಟಿಟೆ'ಯಲ್ಲಿ ಕಾಂಗೋದ ಒಬ್ಬ ವೃದ್ಧ ರಾಜ, ಓದಲೆಂದು ಹೋಗಿ ಸುದ್ದಿಯಿಲ್ಲದಾದ ಮಗಳನ್ನು ಹುಡುಕಿಕೊಂಡು ಬ್ರಸೆಲ್ಸ್‌ಗೆ ಬರುತ್ತಾನೆ. ಈ ಕೇರಿಯವರಿಗೆ ಅದು ತಮ್ಮದೇ ಬೀದಿಗಳ ಕಥೆ. ನ್ಗಂಗುರಾ ಅವರ ಇನ್ನೊಂದು ಚಿತ್ರ, ಬೆನ್ವಾ ಲಾಮಿ ಜೊತೆಗೂಡಿ 1987ರಲ್ಲಿ ತೆಗೆದ 'ಲಾ ವಿ ಎ ಬೆಲ್', ಗಾಯಕ ಪಾಪಾ ವೆಂಬಾ ನಾಯಕನಾಗಿರುವುದರಿಂದ ಹಾಡು ಬಂದಾಗಲೆಲ್ಲ ಸಭಾಂಗಣವೇ ಎದ್ದು ಕುಣಿಯುತ್ತದೆ. ಅದನ್ನು ಕೊನೆಯ ರಾತ್ರಿಗೆ ಇಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಅದಾದ ಮೇಲೆ ಯಾರನ್ನೂ ಚರ್ಚೆಗೆ ಕೂರಿಸಲಾಗುವುದಿಲ್ಲ.

ಪ್ರದರ್ಶನದ ಹಕ್ಕು ಪಡೆಯುವ ಕೆಲಸದಲ್ಲಿ ಹೇಳಿಕೊಳ್ಳುವಂಥದ್ದು ಹೆಚ್ಚಿಲ್ಲ. ಡಿವಿಡಿ ಕೊಂಡು ತಂದರೆ ಮನೆಯಲ್ಲಿ ನೋಡಬಹುದೇ ಹೊರತು ಸಾರ್ವಜನಿಕವಾಗಿ ತೋರಿಸುವಂತಿಲ್ಲ. ನಿರ್ಮಾಪಕರಿಗೋ ವಿತರಕರಿಗೋ ಪತ್ರ ಬರೆದು, ಪ್ರದರ್ಶನಕ್ಕೆ ಇಷ್ಟೆಂದು ಶುಲ್ಕ ಕಟ್ಟಿ, ಲಿಖಿತ ಒಪ್ಪಿಗೆ ಪಡೆಯಬೇಕು. ಹಳೆಯ ಆಫ್ರಿಕನ್ ಚಿತ್ರಗಳ ಹಕ್ಕು ಎಷ್ಟೋ ಸಲ ಯೂರೋಪಿನ ಯಾವುದೋ ಮುಚ್ಚಿಹೋದ ಸಂಸ್ಥೆಯ ಹೆಸರಿನಲ್ಲಿರುತ್ತದೆ. ಆದ್ದರಿಂದ ಆರು ತಿಂಗಳು ಮುಂಚೆಯೇ ಹುಡುಕಾಟ ಶುರು ಮಾಡದಿದ್ದರೆ ಆಗದು. ನಾವು ಬಳಸುವುದು ಸಮುದಾಯ ಭವನವಾದ್ದರಿಂದ ಚಿತ್ರಮಂದಿರಗಳು ಬಳಸುವ ಡಿಸಿಪಿ ಎಂಬ ಡಿಜಿಟಲ್ ಪ್ರತಿ ಬೇಡ, ಲ್ಯಾಪ್‌ಟಾಪಿನಿಂದ ಓಡುವ ಫೈಲ್ ಸಾಕೆಂದು ಮೊದಲೇ ತಿಳಿಸುತ್ತೇನೆ. ಇದು ಉಳಿತಾಯದ ಮಾತು ಮಾತ್ರವಲ್ಲ. ಫೈಲನ್ನು ಬೇಕಾದ ಕಡೆ ನಿಲ್ಲಿಸಬಹುದು, ಹಿಂದಕ್ಕೆ ತರಬಹುದು. ಅದು ನಮಗೆ ಎಷ್ಟು ಉಪಯೋಗಕ್ಕೆ ಬಂತೆಂಬುದನ್ನು ಮುಂದೆ ಹೇಳುತ್ತೇನೆ. ಸಬ್‌ಟೈಟಲ್‌ಗಳು ಫ್ರೆಂಚ್‌ನಲ್ಲಿ ಸಾಮಾನ್ಯವಾಗಿ ಸಿಗುತ್ತವೆ. ಈ ಊರಿನ ಅಧಿಕೃತ ಭಾಷೆಗಳು ಎರಡಾದ್ದರಿಂದ ಡಚ್ ಸಾಲನ್ನು ನಾವೇ ಸೇರಿಸಿಕೊಳ್ಳುತ್ತೇವೆ.

ವೇಳೆಯನ್ನು ಕೇರಿಯ ದಿನಚರಿ ನೋಡಿ ಇಡಬೇಕು. ಮಟೊಂಗೆಯಲ್ಲಿ ವ್ಯಾಪಾರ ಮಾಡುವ ಅನೇಕರು ಅಲ್ಲಿ ವಾಸಿಸುವವರಲ್ಲ. ಬೇರೆ ಬಡಾವಣೆಗಳಿಂದ, ಬೇರೆ ಊರುಗಳಿಂದ ಬಂದು ಹೋಗುವವರು. ಶನಿವಾರ ಸಲೂನುಗಳಲ್ಲಿ ಕತ್ತಲಾಗುವ ತನಕ ಬಿಡುವಿಲ್ಲ. ಭಾನುವಾರದ ಪ್ರಾರ್ಥನೆ ಮಧ್ಯಾಹ್ನ ದಾಟಿದರೂ ಮುಗಿಯುವುದಿಲ್ಲ. ಹೀಗಾಗಿ ಹಿರಿಯರಿಗಾಗಿ ಇಡುವ ಚಿತ್ರಗಳನ್ನು ಭಾನುವಾರ ನಾಲ್ಕು ಗಂಟೆಗೆ ಇಡುತ್ತೇವೆ, ಅದಕ್ಕೂ ಮೊದಲು ಊಟ. ಬಾಳೆಲೆಯಂಥ ಎಲೆಯಲ್ಲಿ ಸುತ್ತಿ ಬೇಯಿಸಿದ ಮೀನು, ಮರಗೆಣಸಿನ ಸೊಪ್ಪಿನ ಪೊಂಡು, ಚಿಕ್ವಾಂಗ್ ಎಂಬ ಮರಗೆಣಸಿನ ಕಡುಬು. ಊಟವನ್ನು ಚಿತ್ರದ ನಂತರ ಇಟ್ಟರೆ ಮಾತುಕತೆ ಊಟದ ಸಾಲಿನಲ್ಲಿ ಚೂರುಚೂರಾಗಿ ಕರಗಿ, ಯಾರ ಕಿವಿಗೂ ಪೂರ್ತಿ ಬೀಳುವುದಿಲ್ಲ.

ಇಡೀ ಉತ್ಸವದಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿರುವುದು ಹಳೆಯ ರೀಲುಗಳ ಪ್ರದರ್ಶನ. ಬೆಲ್ಜಿಯಂನ ಚಲನಚಿತ್ರ ಭಂಡಾರದಲ್ಲಿಯೂ ಬ್ರಸೆಲ್ಸ್ ಹೊರವಲಯದ ಟೆರ್ವುರೆನ್‌ನ ಆಫ್ರಿಕಾ ವಸ್ತುಸಂಗ್ರಹಾಲಯದಲ್ಲಿಯೂ ವಸಾಹತು ಕಾಲದ ಚಿತ್ರಗಳು ರಾಶಿಯಾಗಿ ಉಳಿದಿವೆ. ಅವುಗಳಲ್ಲಿ 1950ರ ದಶಕದ ಪ್ರಚಾರಚಿತ್ರಗಳು ಬಹಳ ಅಚ್ಚುಕಟ್ಟು: ಹೊಸ ಆಸ್ಪತ್ರೆ, ನೇರ ರಸ್ತೆ, ನಗುವ ಮಕ್ಕಳು. ಅವನ್ನು ಹಾಗೆಯೇ ತೋರಿಸಿದರೆ ಪ್ರಚಾರವನ್ನು ಇನ್ನೊಂದು ಬಾರಿ ಮಾಡಿದಂತಾಗುತ್ತದೆ. ತೋರಿಸುವುದೇ ಬೇಡವೆಂದರೆ ಹಿರಿಯರ ಬಾಲ್ಯದ ಬೀದಿಗಳಿರುವ ಏಕೈಕ ಚಲಿಸುವ ಚಿತ್ರಗಳನ್ನು ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟಂತಾಗುತ್ತದೆ. ನಾವು ಕಂಡುಕೊಂಡ ದಾರಿ ಹೀಗಿದೆ. ರೀಲನ್ನು ಮೊದಲು ನಿರೂಪಣೆ ಸಮೇತ ಒಮ್ಮೆ ತೋರಿಸುತ್ತೇವೆ. ಬಳಿಕ ಧ್ವನಿಯನ್ನು ಪೂರ್ತಿ ತೆಗೆದುಹಾಕಿ, ಮೈಕನ್ನು ಮುಂದಿನ ಸಾಲಿನಲ್ಲಿ ಕೂತ ಹಿರಿಯರ ಕೈಗೆ ಕೊಟ್ಟು, ಎರಡನೆಯ ಸಲ ಓಡಿಸುತ್ತೇವೆ. ಯಾರು ನಿಲ್ಲಿಸೆಂದರೂ ನಿಲ್ಲಿಸುತ್ತೇನೆ.

ಒಂದು ಭಾನುವಾರ ಹಾಕಿದ್ದು ಲಿಯೊಪೋಲ್ಡ್‌ವಿಲ್‌ನ, ಅಂದರೆ ಇಂದಿನ ಕಿನ್ಶಾಸಾದ, ಒಂದು 'ಸುಧಾರಿತ' ಕುಟುಂಬದ ಮನೆಯನ್ನು ಕುರಿತ ಕಿರುಚಿತ್ರ. ಯೂರೋಪಿಯನ್ ರೀತಿಯಲ್ಲಿ ಬದುಕುವ ಕಾಂಗೋದವರಿಗೆ 1948ರಲ್ಲಿ ಒಂದು ಅರ್ಹತಾ ಪತ್ರವನ್ನೂ 1952ರಲ್ಲಿ ಅದಕ್ಕಿಂತ ಮೇಲ್ಮಟ್ಟದ ನೋಂದಣಿಯನ್ನೂ ಸರಕಾರ ಜಾರಿಗೆ ತಂದಿತ್ತು. ಅರ್ಜಿ ಹಾಕಿದವರ ಮನೆಯನ್ನು ಅಧಿಕಾರಿಗಳು ಬಂದು ಪರೀಕ್ಷಿಸುತ್ತಿದ್ದರು. ತೆರೆಯ ಮೇಲೆ ಗಂಡ ಪತ್ರಿಕೆ ಓದುತ್ತಿದ್ದ, ಹೆಂಡತಿ ಹೊಲಿಗೆ ಯಂತ್ರದ ಮುಂದಿದ್ದಳು, ಮೇಜಿನ ಮೇಲೆ ಕಸೂತಿಯ ಹಾಸು. ಎರಡನೆಯ ಸಲ, ಶಬ್ದವಿಲ್ಲದೆ ಓಡುತ್ತಿರುವಾಗ, ಒಬ್ಬ ಅಜ್ಜಿ ನಿಲ್ಲಿಸಲು ಹೇಳಿ ಮೇಜಿನ ಹಾಸನ್ನು ತೋರಿಸಿದರು. ತಮ್ಮ ಬೀದಿಯಲ್ಲಿ ಅಂಥ ಹಾಸು ಇದ್ದದ್ದು ಒಂದೇ. ಪರೀಕ್ಷೆಗೆ ಜನ ಬರುತ್ತಾರೆಂದು ತಿಳಿದ ಕೂಡಲೇ ಅದನ್ನು ಮಕ್ಕಳ ಕೈಯಲ್ಲಿ ಹಿತ್ತಲಿನಿಂದ ಹಿತ್ತಲಿಗೆ ದಾಟಿಸುತ್ತಿದ್ದರು, ಹಾಗೆ ದಾಟಿಸಿದವರಲ್ಲಿ ತಾವೂ ಒಬ್ಬರು ಎಂದರು. ಸಭಾಂಗಣ ನಕ್ಕಿತು. ಅಷ್ಟರಲ್ಲಿ ಇನ್ನೊಬ್ಬರು, ಆ ಹೆಂಡತಿ ಹೊಲಿಗೆಯ ನಡುವೆ ಎರಡು ಸಲ ಬಲಗಡೆಗೆ ಕಣ್ಣು ಹೊರಳಿಸುವುದನ್ನು ಗುರುತಿಸಿದರು. ಹಿಂದಕ್ಕೆ ತಂದು ಮತ್ತೆ ನೋಡಿದೆವು. ಕ್ಯಾಮೆರಾದ ಪಕ್ಕದಲ್ಲಿ ನಿಂತ ಯಾರೋ ಆಕೆಗೆ ಯಾವಾಗ ತಲೆ ಎತ್ತಬೇಕೆಂದು ಹೇಳುತ್ತಿದ್ದುದು ಸ್ಪಷ್ಟವಾಗಿತ್ತು. ಹತ್ತು ನಿಮಿಷದ ರೀಲು ಒಂದೂವರೆ ಗಂಟೆ ಓಡಿತು. ಪರಿಣತರೊಬ್ಬರನ್ನು ವೇದಿಕೆಗೆ ಕರೆದು ಉಪನ್ಯಾಸ ಕೊಡಿಸಿದ್ದರೆ ಈ ಎರಡು ಸಂಗತಿಗಳಲ್ಲಿ ಒಂದೂ ಹೊರಬರುತ್ತಿರಲಿಲ್ಲವೆಂದು ನಾನು ಖಚಿತವಾಗಿ ಹೇಳಬಲ್ಲೆ.

ಎಲ್ಲ ರೀಲುಗಳನ್ನೂ ಹೀಗೆ ತೆರೆದಿಡಲಾಗುವುದಿಲ್ಲ. ಆಫ್ರಿಕನ್ ತಾಯಿ ಮತ್ತು ಬಿಳಿಯ ತಂದೆಗೆ ಹುಟ್ಟಿದ ಮಕ್ಕಳನ್ನು ವಸಾಹತು ಸರಕಾರ ತಾಯಂದಿರಿಂದ ಬೇರ್ಪಡಿಸಿ ಮಿಷನ್‌ಗಳಲ್ಲಿ ಇರಿಸುತ್ತಿತ್ತು. ಇದಕ್ಕಾಗಿ ಬೆಲ್ಜಿಯಂನ ಪ್ರಧಾನಿ 2019ರಲ್ಲಿ ಕ್ಷಮೆ ಕೇಳಿದರು. 2024ರ ಡಿಸೆಂಬರಿನಲ್ಲಿ ಬ್ರಸೆಲ್ಸ್‌ನ ಮೇಲ್ಮನವಿ ನ್ಯಾಯಾಲಯ, ಹಾಗೆ ಒಯ್ಯಲ್ಪಟ್ಟಿದ್ದ ಐವರು ಮಹಿಳೆಯರ ಮೊಕದ್ದಮೆಯಲ್ಲಿ ಅದನ್ನು ಮಾನವೀಯತೆಯ ವಿರುದ್ಧದ ಅಪರಾಧವೆಂದು ತೀರ್ಪು ನೀಡಿತು. ಅಂಥ ಬಾಲ್ಯ ಕಳೆದವರು ನಮ್ಮ ಸಭಿಕರಲ್ಲೂ ಇರಬಹುದು. ಮಿಷನ್ ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೆಗೆದ ದೃಶ್ಯಗಳಿರುವ ರೀಲುಗಳನ್ನು ಆದ್ದರಿಂದ ಸಾರ್ವಜನಿಕವಾಗಿ ಹಾಕುವುದಿಲ್ಲ. ಬಯಸಿ ಕೇಳಿದ ಕುಟುಂಬಗಳಿಗೆ ಮಾತ್ರ ಸಣ್ಣ ಕೋಣೆಯಲ್ಲಿ ತೋರಿಸುತ್ತೇವೆ. ಮುಖ ಗುರುತು ಸಿಕ್ಕಿದರೆ ಅಳುವುದಕ್ಕೂ ಒಂದು ಜಾಗ ಬೇಕಲ್ಲವೇ.

ಇತ್ತೀಚಿನ ಚರಿತ್ರೆ ಇನ್ನೂ ಬಿಸಿ. 2000ದ ಜೂನ್ ತಿಂಗಳಿನಲ್ಲಿ ರುವಾಂಡಾ ಮತ್ತು ಉಗಾಂಡಾದ ಸೇನೆಗಳು ಕಾಂಗೋದ ಕಿಸಂಗಾನಿ ನಗರದೊಳಗೆ ಆರು ದಿನ ಪರಸ್ಪರ ಕಾದಾಡಿದವು. ಅದರಲ್ಲಿ ಕೈಕಾಲು ಕಳೆದುಕೊಂಡವರು ಪರಿಹಾರ ಕೇಳಲು ನದಿಯ ಮೇಲೆ ದೋಣಿಯಲ್ಲಿ ರಾಜಧಾನಿಗೆ ಹೋಗುವುದನ್ನು ದಿಯೆದೊ ಹಮಾದಿ 2020ರ ಸಾಕ್ಷ್ಯಚಿತ್ರದಲ್ಲಿ ಹಿಂಬಾಲಿಸುತ್ತಾರೆ. 2025ರ ಜನವರಿ ಕೊನೆಯಲ್ಲಿ ರುವಾಂಡಾದ ಬೆಂಬಲವಿರುವ ಎಂ23 ಬಂಡುಕೋರರು ಪೂರ್ವ ಕಾಂಗೋದ ಗೋಮಾ ನಗರವನ್ನು ಹಿಡಿದ ಮೇಲೆ ಆ ಚಿತ್ರವನ್ನು ತೋರಿಸಬೇಕೇ ಎಂಬ ಬಗ್ಗೆ ಸಮಿತಿಯಲ್ಲಿಯೇ ಧ್ವನಿ ಏರಿತು. ತೋರಿಸಿದೆವು, ಆದರೆ ಪಕ್ಷದವರಿಗಾಗಲಿ ರಾಯಭಾರ ಕಚೇರಿಯವರಿಗಾಗಲಿ ವೇದಿಕೆಯಿಲ್ಲವೆಂದೂ, ಮೈಕ್ ಹಿಡಿದವರು ತಾವು ಕಂಡದ್ದನ್ನು ಮಾತ್ರ ಹೇಳಬೇಕೆಂದೂ ಬಾಗಿಲಲ್ಲೇ ಬರೆದು ಹಾಕಿದೆವು. ಆ ಸಂಜೆ ಕಾಂಗೋದ ದಕ್ಷಿಣದ ಕಟಂಗಾ ಪ್ರಾಂತ್ಯದಿಂದ ಬಂದ ಒಬ್ಬ ಹಿರಿಯರು ನನ್ನ ಕಡೆ ತಿರುಗಿ, ನಿಮ್ಮ ದೇಶದ ಸೈನಿಕರನ್ನೂ ನಾವು ಕಂಡಿದ್ದೇವೆ ಎಂದರು. ನಿಜವೇ. ವಿಶ್ವಸಂಸ್ಥೆಯ ಪರವಾಗಿ ಹೋದ ಭಾರತೀಯ ಪಡೆ 1961ರಲ್ಲಿ ಕಟಂಗಾದ ಎಲಿಜಬೆತ್‌ವಿಲ್‌ನಲ್ಲಿ, ಅಂದರೆ ಇಂದಿನ ಲುಬುಂಬಾಶಿಯಲ್ಲಿ, ಪ್ರತ್ಯೇಕತಾವಾದಿಗಳ ವಿರುದ್ಧ ಹೋರಾಡಿತ್ತು, ಅಲ್ಲಿ ಮಡಿದ ಕ್ಯಾಪ್ಟನ್ ಗುರ್‌ಬಚನ್ ಸಿಂಗ್ ಸಲಾರಿಯಾ ಅವರಿಗೆ ಪರಮವೀರ ಚಕ್ರ ಸಂದಿತ್ತು. ನಮ್ಮ ಶಾಲೆಯ ಪಾಠಗಳಲ್ಲಿ ಅದು ಶೌರ್ಯದ ಪ್ರಸಂಗ. ಅವರಿಗೆ ಅದು ಅಮ್ಮ ಮಕ್ಕಳನ್ನು ಮಂಚದ ಕೆಳಗೆ ಮಲಗಿಸಿದ ವಾರ. ಬಾಗಿಲಿನ ಸೂಚನೆ ನನಗೂ ಅನ್ವಯಿಸುತ್ತಿತ್ತು, ನಾನು ಕೇಳಿಸಿಕೊಂಡೆ.

ಸಭಾಂಗಣದ ಹೊರಗೆ ನಡೆಯುವ ಒಂದೇ ಕಾರ್ಯಕ್ರಮವೆಂದರೆ ಟೆರ್ವುರೆನ್ ಭೇಟಿ. ಮಾಂಟ್‌ಗಮರಿ ನಿಲ್ದಾಣದಿಂದ 44ನೆಯ ಟ್ರಾಮ್ ಕಾಡಂಚಿನಲ್ಲಿ ಸಾಗಿ ಅಲ್ಲಿಗೆ ತಲುಪಿಸುತ್ತದೆ. 1897ರ ಪ್ರದರ್ಶನಕ್ಕಾಗಿ ಬೆಲ್ಜಿಯಂನ ದೊರೆ ಎರಡನೆಯ ಲಿಯೊಪೋಲ್ಡ್ ಕಾಂಗೋದಿಂದ 267 ಜನರನ್ನು ತರಿಸಿ, ಕೃತಕ ಹಳ್ಳಿ ಕಟ್ಟಿಸಿ, ನೋಡುಗರ ಮುಂದೆ ಇರಿಸಿದ್ದ. ಅವರಲ್ಲಿ ಏಳು ಮಂದಿ ಸತ್ತರು. ಊರಿನ ಚರ್ಚಿನ ಪಕ್ಕದಲ್ಲಿ ಅವರ ಸಮಾಧಿಗಳಿವೆ: ಎಕಿಯಾ, ಗೆಂಬಾ, ಕಿಟುಕ್ವಾ, ಎಂಪೇಯಾ, ಝಾವೊ, ಸಾಂಬಾ, ಮಿಬಾಂಗೆ. ಅಲ್ಲಿ ಭಾಷಣವಿಲ್ಲ; ಹೆಸರುಗಳನ್ನು ಮಕ್ಕಳು ಓದುತ್ತಾರೆ, ಆಮೇಲೆ ವಸ್ತುಸಂಗ್ರಹಾಲಯದೊಳಗೆ ಹೋಗುತ್ತೇವೆ.

ತರುಣರ ತಕರಾರು ಬೇರೆಯೇ ಇದೆ. ಲಿಯೊಪೋಲ್ಡ್ ಮತ್ತು ಸ್ವತಂತ್ರ ಕಾಂಗೋದ ಮೊದಲ ಪ್ರಧಾನಿ ಲುಮುಂಬಾರ ನಡುವೆಯೇ ನಮ್ಮನ್ನು ಎಷ್ಟು ದಿನ ನಿಲ್ಲಿಸುತ್ತೀರಿ ಎಂದು ಅವರು ಕೇಳುತ್ತಾರೆ, ಮತ್ತು ಆ ಪ್ರಶ್ನೆಯಲ್ಲಿ ಹುರುಳಿದೆ. 2021ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಕಾಂಗೋ ರುಂಬಾ, ಬಾಲೋಜಿಯವರ 2023ರ 'ಒಗ್ಯೂರ್' ಚಿತ್ರ, ಸಾಪರ್‌ಗಳೆಂಬ ಕಾಂಗೋದ ಸೊಗಸುಗಾರರ ಠೀವಿಯ ಉಡುಪು, ಇವೆಲ್ಲ ಅವರ ಪಟ್ಟಿಯಲ್ಲಿವೆ. ಶನಿವಾರದ ರಾತ್ರಿಯನ್ನು ಪೂರ್ತಿ ಅವರಿಗೇ ಬಿಟ್ಟಿದ್ದೇವೆ. ಅದಕ್ಕೆ ಪ್ರತಿಯಾಗಿ, ಭಾನುವಾರ ಹಿರಿಯರು ರೀಲಿನ ಮೇಲೆ ಆಡಿದ ಮಾತುಗಳನ್ನು ಧ್ವನಿಮುದ್ರಿಸಿ, ಲಿಂಗಾಲ ಮತ್ತು ಸ್ವಾಹಿಲಿಯಿಂದ ಬರೆದಿಳಿಸುವ ಕೆಲಸವನ್ನು ಅವರು ಒಪ್ಪಿಕೊಂಡಿದ್ದಾರೆ. ಆ ಬರಹವನ್ನು ರೀಲಿನ ಜೊತೆಗೇ ಇಟ್ಟುಕೊಳ್ಳುವಂತೆ ಭಂಡಾರದವರಿಗೆ ಕೋರಿಕೆ ಸಲ್ಲಿಸಲಿದ್ದೇವೆ. ಈ ಬಾರಿಯ ಬಜೆಟ್ಟಿನಲ್ಲಿ ಒಂದು ಚಿತ್ರದ ಶುಲ್ಕವನ್ನು ಕೈಬಿಟ್ಟು, ಆ ಹಣವನ್ನು ಬರೆದಿಳಿಸುವವರ ಸಂಭಾವನೆಗೂ ಎರಡನೆಯ ವೈರ್‌ಲೆಸ್ ಮೈಕಿಗೂ ತೆಗೆದಿಟ್ಟಾಗಿದೆ.