ನನ್ನ ಜರೀಗಿಡದ ಕಲ್ಲು, ಮತ್ತೆ ಬುತ್ತಿ ಬಿಚ್ಚಿದ ಕಲ್ಲು

ಬಾಗಲಕೋಟೆ ಕಡೆಯವರಿಗೆ ಸುಣ್ಣದಕಲ್ಲು ಹೊಸದೇನಲ್ಲ. ಮನೆ ಮುಂದಿನ ಕಟ್ಟೆ, ಬಟ್ಟೆ ಒಗೆಯುವ ಕಲ್ಲು, ಎಲ್ಲಾ ಅದೇ. ಅಂಥದ್ದೇ ಒಂದು ಹಾಸುಗಲ್ಲು ಒಡೆದಾಗ ಒಳಗೆ ಕಪ್ಪು ಜರೀಗಿಡ ಕಂಡಿತು. ಕೊಂಬೆ, ಕೊಂಬೆಗೆ ಮತ್ತೆ ಕೊಂಬೆ, ಯಾರೋ ಕೂತು ಚಿತ್ರ ಬರೆದ ಹಾಗೆ. ಪಳೆಯುಳಿಕೆ ಸಿಕ್ಕಿತು ಅಂತ ಓಣಿಗೆಲ್ಲ ತೋರಿಸಿಕೊಂಡು ಬಂದೆ.

ವಾರದ ಮೇಲೆ ಒಂದು ಲೆನ್ಸ್ ತಂದು ನೋಡಿದೆ. ಎಲೆಗೆ ನಡುವೆ ನರ ಇರಬೇಕಲ್ವಾ? ಇರಲಿಲ್ಲ. ಕೊಂಬೆಗಳೆಲ್ಲ ಬಿರುಕಿನ ಅಂಚಿನಿಂದಲೇ ಹೊರಟಿದ್ದವು. ಪಿನ್ನಿನಿಂದ ಕೆರೆದರೆ ಕಪ್ಪು ಪುಡಿ. ಅದು ಮ್ಯಾಂಗನೀಸ್, ಬಿರುಕಿನೊಳಗೆ ಇಳಿದ ನೀರು ಬಿಟ್ಟು ಹೋದ ಕಲೆ. ಡೆಂಡ್ರೈಟ್ ಅಂತಾರೆ. ಸ್ವಲ್ಪ ಲೆಕ್ಕ ಹಾಕಿದ್ದರೂ ಗೊತ್ತಾಗುತ್ತಿತ್ತು: ಇಲ್ಲಿನ ಸುಣ್ಣದಕಲ್ಲು ನೂರು ಕೋಟಿ ವರ್ಷಕ್ಕಿಂತ ಹಳೆಯದು, ನೆಲದ ಮೇಲೆ ಗಿಡ ಬಂದದ್ದೇ ಸುಮಾರು 47 ಕೋಟಿ ವರ್ಷದ ಹಿಂದೆ.

ನಿಜವಾದ ಪಳೆಯುಳಿಕೆ, ಸ್ಟ್ರೊಮ್ಯಾಟೊಲೈಟ್ ಅಂತಾರೆ ಅದಕ್ಕೆ, ಸಿಕ್ಕಿದ್ದು ಲೋಕಾಪುರದ ಹತ್ತಿರ, ಅದರ ಮೇಲೇ ಬುತ್ತಿ ಬಿಚ್ಚಿ ರೊಟ್ಟಿ ತಿನ್ನುತ್ತಿದ್ದಾಗ. ನೀರಿನ ಬಾಟಲಿ ಉರುಳಿ ಬಂಡೆ ತೋಯ್ದಿತು. ಒಣಗಿದ್ದಾಗ ಬರೀ ಬೂದು ಬಣ್ಣ, ತೋಯ್ದ ಕೂಡಲೇ ಅಡ್ಡ ಕೊಯ್ದ ಈರುಳ್ಳಿಯ ಹಾಗೆ ಸುತ್ತು ಸುತ್ತು ಗೆರೆ, ಒಂದರ ಪಕ್ಕ ಒಂದು. ಅವತ್ತಿನಿಂದ ಸುತ್ತಿಗೆ ಮರೆತರೂ ನೀರು ಮರೆಯುವುದಿಲ್ಲ.

ಪಕ್ಕದಲ್ಲೇ ಬಿದ್ದಿದ್ದ ತುಂಡೊಂದನ್ನು ಚೀಲಕ್ಕೆ ಹಾಕಿಕೊಂಡೆ. ಮನೆಯಲ್ಲಿ ಅದರ ಮೇಲೆ ಬಾತ್‌ರೂಮ್ ಆಸಿಡ್ ಎರಡು ಹನಿ ಬಿಟ್ಟೆ, ಬುಸ್ ಅಂತ ನೊರೆ ಬಂತು. ಅದರಿಂದ ಸುಣ್ಣದಕಲ್ಲು ಅಂತ ಗೊತ್ತಾಯಿತೇ ಹೊರತು ಪಳೆಯುಳಿಕೆ ಅಂತಲ್ಲ. ಒಂದು ಹನಿ ನೆಲಕ್ಕೂ ಬಿದ್ದು ಪಾಲಿಶ್ ಹೋಯಿತು, ಅವ್ವ ಇನ್ನೂ ಬೈಯುತ್ತಾಳೆ.

ಕೊನೆಗೆ ಭೂವಿಜ್ಞಾನ ಕಲಿಸುವ ಮೇಷ್ಟ್ರೊಬ್ಬರ ಹತ್ತಿರ ಒಯ್ದೆ. ಅವರು ತಿರುಗಿಸಿ ತಿರುಗಿಸಿ ನೋಡಿ ಕೇಳಿದ್ದು ಒಂದೇ: "ಇದು ನೆಲದಾಗ ಇದ್ದಾಗ ಮ್ಯಾಲಿನ ಬದಿ ಯಾವುದಿತ್ರಿ?"

ನನಗೆ ಗೊತ್ತಿರಲಿಲ್ಲ. ಬಿಡಿ ತುಂಡು, ಗುರುತು ಹಾಕಿರಲಿಲ್ಲ, ಫೋಟೋನೂ ಇಲ್ಲ.

ಆ ಪ್ರಶ್ನೆ ಯಾಕೆ ಅಂದರೆ, ಬಿಸಿಲು ಮಳೆಗೆ ಸಿಪ್ಪೆ ಏಳುವ ಗುಂಡುಕಲ್ಲೂ ಈರುಳ್ಳಿ ಥರಾನೇ ಕಾಣುತ್ತದೆ, ಆದರೆ ಅದರ ಪದರ ಕೆಳಗಿನಿಂದಲೂ ಸುತ್ತಿ ಬರುತ್ತದೆ. ಸ್ಟ್ರೊಮ್ಯಾಟೊಲೈಟ್ ಹಾಗಲ್ಲ. ಆಳವಿಲ್ಲದ ನೀರಿನಲ್ಲಿ ಲೋಳೆಯಂತೆ ಹರಡಿದ್ದ ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿ, ಮೇಲೆ ಹೂಳು ಬಿದ್ದಂತೆಲ್ಲ ಬೆಳಕಿಗಾಗಿ ಮೇಲೇರಿ ಮತ್ತೊಂದು ಪದರ ಕಟ್ಟುತ್ತಾ ಹೋಯಿತು. ಹಾಗಾಗಿ ಉಬ್ಬು ಮೇಲ್ಮುಖವಾಗಿಯೇ ಇರುತ್ತದೆ, ಬೋರಲು ಹಾಕಿದ ಬಟ್ಟಲುಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ. ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿ ಇವತ್ತಿಗೂ ಇವು ಬೆಳೆಯುತ್ತಿವೆ.

ಮುಂದಿನ ಭಾನುವಾರ ಮತ್ತೆ ಹೋದೆ. ಬಂಡೆಯ ಮಗ್ಗುಲಿಗೆ ನೀರು ಚಿಮುಕಿಸಿದೆ. ಬಟ್ಟಲುಗಳು ಸಾಲಾಗಿ ಬೋರಲಾಗಿಯೇ ಇದ್ದವು. ಈ ಸಲ ಪಕ್ಕದಲ್ಲಿ ಐದು ರೂಪಾಯಿ ನಾಣ್ಯ ಇಟ್ಟು, ಸೀಮೆಸುಣ್ಣದಿಂದ ಮೇಲ್ಮುಖ ಬಾಣ ಹಾಕಿ ಫೋಟೋ ತೆಗೆದು ಮೇಷ್ಟ್ರಿಗೆ ಕಳಿಸಿದೆ. ಬಂಡೆ ಅಲ್ಲೇ ಇದೆ. ಚೀಲದಲ್ಲಿ ತಂದ ತುಂಡು ಈಗ ಅವ್ವನ ತುಳಸಿಕಟ್ಟೆ ಪಕ್ಕ, ಯಾವ ಬದಿ ಮೇಲೋ ಏನೋ.