ಹಿಮನದಿಯ ಮೇಲೆ ಹವಾಮಾನದ ಲೆಕ್ಕ ಓದುವ ಬಗೆ

ಪರ್ವತದ ಹಿಮನದಿಯೊಂದು ಬೆಳೆಯುತ್ತಿದೆಯೋ ಸೊರಗುತ್ತಿದೆಯೋ ಎಂದು ತಿಳಿಯಲು ಹೆಚ್ಚಿನವರು ಮೊದಲು ಅದರ ಕೆಳತುದಿಯನ್ನು ನೋಡುತ್ತಾರೆ. ಆದರೆ ಆ ತುದಿ ಹೇಳುವುದು ಹಳೆಯ ಸುದ್ದಿ. ಮೇಲ್ಭಾಗದಲ್ಲಿ ಹಿಮ ಹೆಚ್ಚಿದ ಅಥವಾ ಕಡಿಮೆಯಾದ ಪರಿಣಾಮ ಅಲ್ಲಿಗೆ ಮುಟ್ಟಲು ಕೆಲವು ವರ್ಷಗಳು, ದೊಡ್ಡ ಹಿಮನದಿಗಳಲ್ಲಿ ದಶಕಗಳೇ ಬೇಕಾಗುತ್ತವೆ.

ಆಯಾ ವರ್ಷದ ಲೆಕ್ಕ ಬೇಕಾದವರು ಬೇಸಿಗೆಯ ಕೊನೆಯಲ್ಲಿ, ಹೊಸ ಹಿಮ ಬೀಳುವ ಮೊದಲು, ಬಿಳಿ ಹಿಮ ಮುಗಿದು ಬೂದುಬಣ್ಣದ ಮಂಜುಗಡ್ಡೆ ಕಾಣಿಸಿಕೊಳ್ಳುವ ಗಡಿಯನ್ನು ಗುರುತಿಸಬೇಕು. ಪ್ರತಿ ವರ್ಷ ಒಂದೇ ಜಾಗದಿಂದ ತೆಗೆದ ಚಿತ್ರಗಳನ್ನು ಹೋಲಿಸಿದಾಗ ಆ ಗಡಿ ಮೇಲೇರುತ್ತಲೇ ಇದ್ದರೆ, ಹಿಮನದಿಯ ಆದಾಯಕ್ಕೆ, ಅಂದರೆ ಕೂಡುವ ಹಿಮಕ್ಕೆ, ಹೋಲಿಸಿದರೆ ಅದರ ಖರ್ಚು, ಅಂದರೆ ಕರಗಿ ಹೋಗುವ ಮಂಜು, ಹಿಗ್ಗುತ್ತಿದೆ ಎಂದರ್ಥ.

ಇನ್ನೂ ನಿಖರವಾಗಿ ಅಳೆಯಬೇಕಾದರೆ ಕೆಳಭಾಗದ ಮಂಜುಗಡ್ಡೆಯಲ್ಲಿ ಆಳವಾಗಿ ರಂಧ್ರ ಕೊರೆದು ಕೋಲು ನೆಡುತ್ತಾರೆ. ಬೇಸಿಗೆ ಮುಗಿಯುವಷ್ಟರಲ್ಲಿ ಕೋಲು ಮೊದಲಿಗಿಂತ ಒಂದೂವರೆ ಮೀಟರ್ ಹೆಚ್ಚು ಹೊರಗೆ ಕಂಡರೆ ಅಷ್ಟು ದಪ್ಪದ ಮಂಜುಗಡ್ಡೆ, ಅಂದರೆ ಕರಗಿದಾಗ ಸುಮಾರು 1.35 ಮೀಟರ್ ಆಳವಾಗುವ ನೀರು, ಅಲ್ಲಿಂದ ಹೋಗಿದೆ. ಮೇಲ್ಭಾಗದಲ್ಲಿ ಹಿಂದಿನ ಬೇಸಿಗೆಯ ಕೊಳೆ ಪದರ ಸಿಗುವವರೆಗೆ ಗುಂಡಿ ತೋಡಿ, ಹಿಮದ ದಪ್ಪವನ್ನೂ ಸಾಂದ್ರತೆಯನ್ನೂ ಅಳೆಯಬೇಕು. ಸ್ವೀಡನ್ನಿನ ಸ್ಟೋರ್‌ಗ್ಲಾಸಿಯಾರೆನ್ ಹಿಮನದಿಯಲ್ಲಿ ಇಂಥ ಅಳತೆ 1940ರ ದಶಕದಿಂದಲೂ ನಡೆದುಬಂದಿದೆ.

ಅಳತೆ ಕೈಗೆ ಬಂದ ಮೇಲೆ ಅದನ್ನು ಹವಾಮಾನದ ದಾಖಲೆಯ ಪಕ್ಕದಲ್ಲಿಟ್ಟು ನೋಡಬೇಕು. ಚಳಿಗಾಲದಲ್ಲಿ ಎಷ್ಟು ಹಿಮ ಬಿತ್ತು, ಬೇಸಿಗೆ ಎಷ್ಟು ಬಿಸಿಯಾಗಿತ್ತು ಎಂಬ ಪ್ರಶ್ನೆಗಳು ಎಲ್ಲರಿಗೂ ಹೊಳೆಯುತ್ತವೆ. ನನ್ನ ದೃಷ್ಟಿಯಲ್ಲಿ ಅಷ್ಟೇ ಮುಖ್ಯವಾದ ಮೂರನೆಯ ಪ್ರಶ್ನೆ, ಬೇಸಿಗೆಯ ನಡುವೆ ಹಿಮ ಬಿತ್ತೇ ಎಂಬುದು. ಹೊಸ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನ ಶೇಕಡಾ 80ಕ್ಕೂ ಹೆಚ್ಚು ಭಾಗವನ್ನು ಹಿಂದಕ್ಕೆ ಎಸೆಯುತ್ತದೆ. ಬರಿಯ ಮಂಜುಗಡ್ಡೆ, ಅದರಲ್ಲೂ ದೂಳು ಕೂತದ್ದು, ಬಿಸಿಲಿನ ಬಹುಪಾಲನ್ನು ಹೀರಿಕೊಂಡು ಕರಗುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಬಿದ್ದ ಕೆಲವೇ ಸೆಂಟಿಮೀಟರ್ ಹಿಮ ಹಲವು ದಿನಗಳ ಕರಗುವಿಕೆಯನ್ನು ತಡೆಯಬಲ್ಲದು, ಅದೇ ತೇವ ಮಳೆಯಾಗಿ ಸುರಿದರೆ ಆ ರಕ್ಷಣೆ ಸಿಗುವುದಿಲ್ಲ. ಮುಂಗಾರನ್ನು ನೆಚ್ಚಿದ ಪೂರ್ವ ಹಿಮಾಲಯದ ಹಿಮನದಿಗಳಿಗೆ ಹಿಮ ಕೂಡುವುದೂ ಕರಗುವುದೂ ಒಂದೇ ಋತುವಿನಲ್ಲಾದ್ದರಿಂದ, ತಾಪಮಾನದ ಸಣ್ಣ ಏರಿಕೆಯೂ ಅವುಗಳಿಗೆ ಎರಡು ಕಡೆಯಿಂದ ಪೆಟ್ಟು ಕೊಡುತ್ತದೆ. ಚಳಿಗಾಲದ ಪಶ್ಚಿಮ ಮಾರುತಗಳು ತರುವ ಹಿಮವನ್ನೇ ಹೆಚ್ಚಾಗಿ ನೆಚ್ಚಿದ ಕಾರಕೋರಂ ಶ್ರೇಣಿಯ ಸ್ಥಿತಿ ಹಾಗಲ್ಲ. ಅಲ್ಲಿನ ಹಲವು ಹಿಮನದಿಗಳು ದಶಕಗಳ ಕಾಲ ಹೆಚ್ಚು ಕರಗದೆ ಉಳಿದಿದ್ದವು.

ಹಿಮನದಿಯ ತುದಿ ಮುಂದೆ ಬಂದದ್ದು ಕಂಡಾಕ್ಷಣ ಹವಾಮಾನ ತಣ್ಣಗಾಯಿತು ಎಂದು ತೀರ್ಮಾನಿಸಬಾರದು. ನಾರ್ವೆಯ ಬ್ರಿಕ್ಸ್‌ಡಾಲ್ ಹಿಮನದಿ 1990ರ ದಶಕದಲ್ಲಿ ಮುಂದೆ ಬಂದದ್ದು ಮುಖ್ಯವಾಗಿ ಚಳಿಗಾಲದ ಭಾರೀ ಹಿಮಪಾತದಿಂದ. 2000ದ ನಂತರ ಅದು ವೇಗವಾಗಿ ಹಿಂದೆ ಸರಿಯಿತು. ಇನ್ನು ಕೆಲವು ಹಿಮನದಿಗಳು ತಳದಲ್ಲಿ ಸೇರಿದ ನೀರಿನ ಒತ್ತಡದಿಂದ ಇದ್ದಕ್ಕಿದ್ದಂತೆ ಜಾರಿ ಮುನ್ನುಗ್ಗುತ್ತವೆ. ಅಂಥವುಗಳ ತುದಿಯ ಚಲನೆಯನ್ನು ಆ ವರ್ಷದ ಹವಾಮಾನದ ಖಾತೆಗೆ ಬರೆಯದೆ ಬೇರೆಯಾಗಿ ಗುರುತಿಸಿಡಬೇಕು.