14ನೇ ದಿನ ಅಂತ ಕಾಯಬೇಡಿ, ಹಿಂದಕ್ಕೆ ಎಣಿಸಿ

ರಾಜಾಜಿನಗರದ ಒಂದು ಸಣ್ಣ ಕ್ಲಿನಿಕ್‌ನಲ್ಲಿ ನಾನು ನರ್ಸ್. ಮಗು ಬೇಕು ಅಂತ ಬರುವವರನ್ನು ಮೊದಲು ಕೇಳುವುದು, ‘ಹೋದ ಸಲ ಡೇಟ್ ಯಾವಾಗ ಆಯ್ತಮ್ಮಾ?’ ತುಂಬಾ ಜನ ಫೋನ್ ತೆಗೆದು, ಅಂಡಾಣು ಹೊರಬರುವುದು ಇದೇ ದಿನ ಅಂತ 14ನೇ ದಿನದ ಗುರುತು ತೋರಿಸುತ್ತಾರೆ. ಆ ಒಂದೇ ದಿನ ನಂಬಿ ತಿಂಗಳುಗಟ್ಟಲೆ ಕಾದವರನ್ನು ನೋಡಿದರೆ ಸಂಕಟವಾಗುತ್ತದೆ.

14ನೇ ದಿನ ಅನ್ನುವುದು 28 ದಿನಕ್ಕೆ ಮುಟ್ಟಾಗುವವರ ಲೆಕ್ಕ. ಅಂಡಾಣು ಹೊರಬಂದ ಮೇಲೆ ಮುಂದಿನ ಮುಟ್ಟಿಗೆ ಸಾಮಾನ್ಯವಾಗಿ 12ರಿಂದ 14 ದಿನ. ಹೆಚ್ಚು ಏರುಪೇರಾಗುವುದು ಅದಕ್ಕೂ ಮುಂಚೆ, ಅಂಡ ಬಲಿಯುವ ದಿನಗಳಲ್ಲಿ. ಹಾಗಾಗಿ ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸಬೇಕು. ಜಪಾನಿನ ವೈದ್ಯ ಕ್ಯೂಸಾಕು ಒಗಿನೊ 1924ರಲ್ಲೇ ಇದನ್ನು ಬರೆದಿದ್ದರು. ನಿಮ್ಮ ಸೈಕಲ್, ಅಂದರೆ ಒಂದು ಮುಟ್ಟು ಶುರುವಾದಾಗಿನಿಂದ ಮುಂದಿನದು ಶುರುವಾಗುವವರೆಗಿನ ಲೆಕ್ಕ, 35 ದಿನದ್ದಾದರೆ ಅಂಡ ಬರುವುದು 21ನೇ ದಿನದ ಆಸುಪಾಸು.

ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಸಾಕು. ಸರಿಯಾಗಿ ರಕ್ತ ಹೋಗಲು ಶುರುವಾದ ದಿನವೇ 1. ಹಿಂದಿನ ದಿನದ ಸಣ್ಣ ಕಲೆ ಲೆಕ್ಕಕ್ಕಿಲ್ಲ. ಆರು ತಿಂಗಳು ಗುರುತು ಹಾಕಿ. ಅತಿ ಚಿಕ್ಕ ಸೈಕಲ್ 27, ಅತಿ ದೊಡ್ಡದು 32 ಅಂತಿರಲಿ. ಎರಡರಿಂದಲೂ 14 ಕಳೆಯಿರಿ. 13ರಿಂದ 18ನೇ ದಿನದೊಳಗೆ ಅಂಡ ಬರುವ ಸಾಧ್ಯತೆ ಜಾಸ್ತಿ. ಅಂಡಾಣು ಬದುಕುವುದು ಹೆಚ್ಚೆಂದರೆ ಒಂದು ದಿನ, ವೀರ್ಯಾಣು ಐದು ದಿನದವರೆಗೂ ಉಳಿಯಬಹುದು. ಅದಕ್ಕೇ 8ನೇ ದಿನದಿಂದಲೇ ದಿನ ಬಿಟ್ಟು ದಿನ ಸೇರಿದರೆ ಸಾಕು. ಮಗು ಬೇಡ ಅನ್ನುವವರು ಮಾತ್ರ ಈ ಲೆಕ್ಕವನ್ನು ನಂಬಬೇಡಿ.

ಇನ್ನು ಬಿಳಿ ಹೋಗುವುದು. ಇದನ್ನು ಕಾಯಿಲೆ ಅಂದುಕೊಂಡು ಅಳುತ್ತಾ ಬಂದವರಿದ್ದಾರೆ. ಯಾರೂ ಹೇಳಿಕೊಟ್ಟಿರುವುದಿಲ್ಲ, ಅಲ್ವಾ? ಮುಟ್ಟು ನಿಂತ ಮೇಲೆ ಒಂದೆರಡು ದಿನ ಒಣಗಿದಂತಿರುತ್ತದೆ. ಆಮೇಲೆ ಅಂಟಂಟು, ಮಬ್ಬು ಬಿಳಿ. ಅಂಡ ಬರುವ ಸಮಯಕ್ಕೆ ತಿಳಿಯಾಗಿ, ಜಾರುವಂತೆ, ಹಸಿ ಮೊಟ್ಟೆಯ ಲೋಳೆಯಂತಾಗುತ್ತದೆ. ಎರಡು ಬೆರಳ ನಡುವೆ ಎಳೆದರೆ ತುಂಡಾಗುವುದಿಲ್ಲ. ಅವೇ ಒಳ್ಳೆಯ ದಿನಗಳು. ಬಾತ್‌ರೂಮಿಗೆ ಹೋದಾಗ ಕೈ ತೊಳೆದು ನೋಡಿಕೊಳ್ಳಿ, ನಾಚಿಕೆ ಬೇಡ. ತುರಿಕೆ, ಕೆಟ್ಟ ವಾಸನೆ ಅಥವಾ ಮೊಸರು ಒಡೆದಂಥ ಬಿಳಿ ಇದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ.

ಮೆಡಿಕಲ್ ಶಾಪ್‌ನ ಓವ್ಯುಲೇಷನ್ ಕಿಟ್ ಮೂತ್ರದಲ್ಲಿನ ಎಲ್‌ಎಚ್ ಹಾರ್ಮೋನು ನೋಡುತ್ತದೆ; ಅಂಡ ಬರುವ ಸ್ವಲ್ಪ ಮುಂಚೆ ಅದು ಏರುತ್ತದೆ. ಟೆಸ್ಟ್ ಗೆರೆ ಕಂಟ್ರೋಲ್ ಗೆರೆಯಷ್ಟೇ ಅಥವಾ ಅದಕ್ಕಿಂತ ಗಾಢವಾದರೆ ಒಂದೂವರೆ ದಿನದೊಳಗೆ ಅಂಡ ಬರಬಹುದು. ಪಿಸಿಒಡಿ (ಹಾರ್ಮೋನು ಏರುಪೇರಾಗಿ ಅಂಡ ಸರಿಯಾಗಿ ಬಾರದ ತೊಂದರೆ) ಇದ್ದವರಿಗೆ ಇದು ಸುಮ್ನೆ ಆಸೆ ಹುಟ್ಟಿಸಬಹುದು, ಎಲ್‌ಎಚ್ ಮೊದಲೇ ಜಾಸ್ತಿ ಇರಬಹುದು. ಬೆಳಗ್ಗೆ ಎದ್ದ ಕೂಡಲೇ ಜ್ವರಮಾಪಕದಲ್ಲಿ ಮೈಬಿಸಿ ನೋಡುವ ಲೆಕ್ಕವೂ ಇದೆ. ಆದರೆ ಅಂಡ ಬಂದ ಮೇಲಷ್ಟೇ ಮೈಬಿಸಿ ಏರುತ್ತದೆ. ಮಾನ್ಯತಾ ಟೆಕ್ ಪಾರ್ಕ್ ಕಡೆ ನೈಟ್ ಶಿಫ್ಟ್ ಮಾಡಿ ನಿದ್ದೆಯ ಹೊತ್ತು ಏರುಪೇರಾಗುವವರಿಗಂತೂ ನಾನು ಅದನ್ನು ಹೇಳುವುದೇ ಇಲ್ಲ.

‘21ನೇ ದಿನದ ಬ್ಲಡ್ ಟೆಸ್ಟ್’ ಬರೆದುಕೊಟ್ಟರೆ ನಿಮ್ಮ ಸೈಕಲ್ ಎಷ್ಟು ದಿನದ್ದು ಅಂತ ಹೇಳಿ. ಅಂಡ ಬಂದಿದೆಯಾ ಅಂತ ನೋಡುವ ಆ ಪ್ರೊಜೆಸ್ಟರಾನ್ ಹಾರ್ಮೋನಿನ ಟೆಸ್ಟ್ ಆಗಬೇಕಾದ್ದು ಮುಂದಿನ ಮುಟ್ಟಿಗೆ ಏಳು ದಿನ ಮುಂಚೆ. 35 ದಿನದವರಿಗೆ ಅದು 28ನೇ ದಿನ.

ಒಂದು ವರ್ಷ ಕಾದರೂ ಆಗದಿದ್ದರೆ, ವಯಸ್ಸು 35 ದಾಟಿದ್ದರೆ ಆರೇ ತಿಂಗಳಿಗೆ, ಆಸ್ಪತ್ರೆಗೆ ಬನ್ನಿ. ಮುಟ್ಟು ತುಂಬಾ ಏರುಪೇರಿದ್ದರೆ ಅಷ್ಟೂ ಕಾಯಬೇಡಿ. ಅತ್ತೆಯ ಜೊತೆ ಅಲ್ಲ, ಗಂಡನ ಜೊತೆ ಬನ್ನಿ. ಅವರ ವೀರ್ಯ ಪರೀಕ್ಷೆಯೂ ಮೊದಲೇ ಆಗಬೇಕು.